ಕಸೂತಿಯ ಹಿಂಬದಿ

ಶಿಷ್ಯ ಕೇಳಿದ: "ಕಣ್ಣಿಗೆ ಹನಿ ಹಾಕಿಕೊಳ್ಳದೆ ಹಾಕಿಕೊಂಡೆ ಎಂದು ಸುಳ್ಳು ಹೇಳುವ ರೋಗಿಗೆ ವೈದ್ಯ ಏನು ಮಾಡಬೇಕು, ಗುರುಗಳೇ?"

ಅವನ ಕೈಯಲ್ಲಿ ಒಬ್ಬ ಮುದುಕನ ಕೇಸ್ ಶೀಟ್ ಇತ್ತು. 'ರೋಗಿ ಮಾತು ಕೇಳುವುದಿಲ್ಲ, ಇನ್ನು ನಮ್ಮ ಹೊಣೆಯಲ್ಲ' ಎಂದು ಬರೆದಿದ್ದ. ಗುರುಗಳ ಸಹಿಯೊಂದೇ ಬಾಕಿ. ಮುದುಕ ಹೊರಗೆ ಬೆಂಚಿನ ಮೇಲೆ ಕಣ್ಣೊರೆಸಿಕೊಳ್ಳುತ್ತ ಕೂತಿದ್ದ.

ಆ ಕಣ್ಣಿನ ಆಸ್ಪತ್ರೆಯಲ್ಲಿ ಬಹಳ ವರ್ಷ ಕಲಿಸಿದ್ದ ಗುರುಗಳು ಹೇಳಿದರು: "ನಿಯಮ ಒಂದೇ. ಮದ್ದು ಕೊಟ್ಟವನು ಕೇಳಬೇಕು, ಮದ್ದು ಹಾಕಿಕೊಂಡವನು ಹೇಳಬೇಕು. ಒಂದು ಕತೆ ಹೇಳುತ್ತೇನೆ, ಅದರಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರೂ ಅದನ್ನು ಮುರಿದರು."

ಧಾರವಾಡದ ಕಡೆ ಒಬ್ಬ ಕಸೂತಿಯವಳಿದ್ದಳು. ಎಳೆ ಎಣಿಸಿ ಸೂಜಿ ಹಾಕುವ ಕೆಲಸ. ಕಲಿಯುವ ಹುಡುಗಿಯರು ಸೆರಗು ತಂದರೆ ಮೊದಲು ಮಗುಚಿ ಹಿಂಬದಿ ನೋಡುವಳು. ಗಂಟು ಕಂಡರೆ ಬಿಚ್ಚಿಸುವಳು. ಮುಂಬದಿ ಹೇಗೂ ಚಂದವೇ ಇರುತ್ತದೆ ಎನ್ನುವುದು ಅವಳ ಮಾತು.

ಅವಳಿಗೆ ಗ್ಲಾಕೋಮಾ ಬಂತು. ಕಣ್ಣೊಳಗಿನ ಒತ್ತಡ ನರವನ್ನು ತಿನ್ನುವ ರೋಗ. ನೋವಿಲ್ಲ, ಸದ್ದಿಲ್ಲ, ಹೋದ ನೋಟ ಮರಳುವುದಿಲ್ಲ. ವೈದ್ಯ ಹನಿ ಕೊಟ್ಟು, ಬದುಕಿರುವ ತನಕ ಹಾಕಿಕೊಳ್ಳಬೇಕು ಎಂದ. ಆರು ವರ್ಷ ಅವಳು ಒಂದು ದಿನವೂ ತಪ್ಪಿಸಲಿಲ್ಲ. ಒತ್ತಡ ಇಳಿಯಿತು. ಆದರೆ ಕಣ್ಣು ಕೆಂಪಾಯಿತು, ಮರಳು ಬಿದ್ದಂತೆ ಚುಚ್ಚಿತು, ನೀರು ತುಂಬಿ ಎಳೆಗಳು ಒಂದರೊಳಗೊಂದು ಕಲೆತವು. ರೋಗದಿಂದಲ್ಲ, ಹನಿ ಕೆಡದಿರಲೆಂದು ಬಾಟಲಿಗೆ ಬೆರೆಸಿದ್ದ ರಾಸಾಯನಿಕದಿಂದ.

ನೆರೆಯವಳು ಅಂದಳು: "ಉರೀತದ ಅಂದ್ರ ಬಿಟ್ಟುಬಿಡ್ರಿ ಅಕ್ಕಾರ. ಅದೇನು ಔಷಧಾನೋ, ಒಗ್ಗರಣಿ ಮೆಣಸಿನಕಾಯೋ?"

ಬಿಟ್ಟಳು. ಕೆಲವೇ ವಾರಗಳಲ್ಲಿ ಕಣ್ಣು ತಿಳಿಯಾಯಿತು. ಬೈಸಿಕೊಳ್ಳುವ ಹೆದರಿಕೆಗೆ ತಪಾಸಣೆಯ ಹಿಂದಿನ ನಾಲ್ಕು ದಿನ ಮಾತ್ರ ಹಾಕಿಕೊಂಡು ಹೋಗುವಳು. ವೈದ್ಯ ಒತ್ತಡದ ಅಂಕಿ ನೋಡಿ ಭೇಷ್ ಎನ್ನುವನು. ಕಣ್ಣು ಕೆಂಪಿದ್ದಾಗಲೂ ಅವನು ನೋಡಿದ್ದು ಅಂಕಿಯನ್ನೇ. ಅವಳ ಮಗನೂ ಅಂಕಿ ಕೇಳಿ ಸುಮ್ಮನಾಗುವನು. ಒಂದು ವರ್ಷ ಕಳೆಯಿತು. ಸೆರಗಿನ ಎಡ ಅಂಚು ಅವಳಿಗೆ ಕಾಣದಾಯಿತು. ಯಾರಿಗೂ ಹೇಳಲಿಲ್ಲ, ಬಟ್ಟೆಯನ್ನೇ ಬಲಕ್ಕೆ ಸರಿಸಿಕೊಂಡಳು.

ಮುಂದಿನ ತಪಾಸಣೆಯಲ್ಲಿ ಒತ್ತಡ ಅಳೆದ ನರ್ಸ್ ಬಾಟಲಿ ಕೇಳಿ ನೋಡಿದಳು.

"ಅವ್ವಾರ, ಇದು ಹೋದ ಸಲದ ಬಾಟ್ಲೀನ ಅಲ್ಲೇನ್ರಿ? ಮ್ಯಾಲ ತಾರೀಖು ನಾನ ಬರದೀನಿ. ಇದು ತಿಂಗಳಿಗೆ ತೀರಬೇಕಿತ್ತು."

"ಉಳಿಸಿ ಉಳಿಸಿ ಹಾಕ್ಕೋತೀನವಾ."

ಒಳಗಿಂದ ವೈದ್ಯ ಕೂಗಿದ: "ಎಷ್ಟದ? ಲಗೂನ ಬರದು ಕಳಸು, ಹೊರಗ ಮಂದಿ ಪಾಳಿ ಹಚ್ಚಿ ನಿಂತಾರ."

"ಬರಿಯಂಗಿಲ್ಲ ಸರ್," ಎಂದಳು ನರ್ಸ್. ಪೆನ್ನು ಮುಚ್ಚಿ, ಸ್ಟೂಲು ಎಳೆದು, ಕಸೂತಿಯವಳ ಎದುರು ಕೂತಳು. "ಹೇಳ್ರಿ ಅವ್ವಾರ, ಹನಿ ಹಾಕ್ಕೊಂಡ್ರ ಏನಾಗ್ತದ?"

ಏಳು ವರ್ಷದಲ್ಲಿ ಆ ಪ್ರಶ್ನೆ ಅದೇ ಮೊದಲು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ?" ಎಂದ ಶಿಷ್ಯ.

"ಅವಳು ಉರಿಯ ವಿಷಯ ಹೇಳಿದಳು. ಆ ರಾಸಾಯನಿಕವಿಲ್ಲದ ಹನಿ ಇತ್ತು, ಕೊಟ್ಟರು. ಉಳಿದ ನೋಟ ಉಳಿಯಿತು. ಎಡ ಅಂಚು ಮರಳಲಿಲ್ಲ."

ಗುರುಗಳು ಸಹಿ ಮಾಡಲಿಲ್ಲ. ಮುದುಕನ ಕೇಸ್ ಶೀಟನ್ನು ಮಗುಚಿ ಶಿಷ್ಯನ ಮುಂದಿಟ್ಟರು.

"ಇದರ ಹಿಂಬದಿ ಖಾಲಿ ಇದೆ."