ಅಪ್ಪ ಮಾಡಿದ ಬ್ಯಾಟು

ಗದಗದಲ್ಲಿ ರುದ್ರಮುನಿ ಎಂಬ ಗೃಹಸ್ಥನಿದ್ದ. ವಿದ್ಯುತ್ ಕಚೇರಿಯಲ್ಲಿ ನೌಕರಿ. ಮನೆಯಲ್ಲಿ ಹೆಂಡತಿ ಸುಮಂಗಲಾ, ಒಬ್ಬಳೇ ಮಗಳು ನೀಲಗಂಗಾ. ಕುಡಿತವಿಲ್ಲ, ಇಸ್ಪೀಟಿಲ್ಲ, ಇನ್ನೊಬ್ಬರ ಗೊಡವೆಗೆ ಹೋಗುವವನಲ್ಲ. ಇದ್ದದ್ದು ಒಂದೇ ಹುಚ್ಚು. ಟೇಬಲ್ ಟೆನಿಸ್ ಬ್ಯಾಟುಗಳನ್ನು ಮನೆಯಲ್ಲಿ ಕೈಯಾರೆ ಮಾಡುವುದು.

ಅಂಗಡಿಯಲ್ಲಿ ಸಿಗುವ ವಸ್ತುವನ್ನು ಮನೆಯಲ್ಲಿ ಮಾಡುವುದೇನು ಮಹಾ ಎನ್ನಬೇಡಿ. ಆ ಬ್ಯಾಟು ಒಂದೇ ಹಲಗೆಯಲ್ಲ. ತೆಳ್ಳನೆಯ ಮರದ ಪದರಗಳನ್ನು ಒಂದರ ಮೇಲೊಂದು ಅಂಟಿಸಬೇಕು. ಒಂದು ಪದರದ ಎಳೆ ಉದ್ದಕ್ಕೆ ಹೋದರೆ ಮುಂದಿನದರ ಎಳೆ ಅಡ್ಡಕ್ಕೆ ಹೋಗಬೇಕು. ಅಂಟು ಹಚ್ಚಿ, ಎರಡು ದಪ್ಪ ಹಲಗೆಗಳ ನಡುವೆ ಬಿಗಿದು ಒಣಗಲು ಬಿಡಬೇಕು. ಅವಸರ ಮಾಡಿ ಬಿಚ್ಚಿದರೆ ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಒಣಗಿದ ಮೇಲೆ ಆಕಾರಕ್ಕೆ ಕತ್ತರಿಸಿ, ಹಿಡಿಕೆಗೆ ಎರಡೂ ಬದಿ ಮರದ ತುಂಡು ಕೂಡಿಸಿ, ಅರದಿಂದ ಉಜ್ಜಿ ದುಂಡಗೆ ಮಾಡಬೇಕು. ಆಮೇಲೆ ಎರಡೂ ಮುಖಕ್ಕೆ ರಬ್ಬರು.

ರುದ್ರಮುನಿ ಇದನ್ನೆಲ್ಲ ಪೂಜೆಯಂತೆ ಮಾಡುತ್ತಿದ್ದ. ಹಿಡಿಕೆ ಉಜ್ಜುವಾಗ ನಡುನಡುವೆ ಕಣ್ಣು ಮುಚ್ಚಿ ತನ್ನ ಮುಷ್ಟಿಯಲ್ಲಿ ಹಿಡಿದು ನೋಡುತ್ತಿದ್ದ. ತನ್ನ ಕೈಗೆ ಸರಿ ಎನಿಸಿತೋ, ಕೆಲಸ ಮುಗಿಯಿತು. ಅವನ ಕೈಯೋ, ಹಲಸಿನ ಹಣ್ಣನ್ನು ಒಂದೇ ಕೈಯಲ್ಲಿ ಎತ್ತುವಂಥದ್ದು. ಗೆಳೆಯರಿಗೆ, ನೆಂಟರಿಗೆ, ಕಚೇರಿಯ ಸಾಹೇಬರಿಗೆ ಬ್ಯಾಟು ಮಾಡಿ ಕೊಟ್ಟ. ಎಲ್ಲರೂ ಕಣ್ಣರಳಿಸಿ ನೋಡಿದರು, ಹೊಗಳಿದರು, ಒಯ್ದು ಗೋಡೆಯ ಮೊಳೆಗೆ ತೂಗುಹಾಕಿದರು. ಆಡಿದವರು ಯಾರೂ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಯಾರೂ ಏಕೆ ಆಡುತ್ತಿಲ್ಲ ಎಂಬುದು ರುದ್ರಮುನಿಗೆ ಹೊಳೆಯಲೇ ಇಲ್ಲ.

ಮಗಳು ನೀಲಗಂಗಾ ಆಗ ಎಂಟನೆಯ ಇಯತ್ತೆ. ಮನೆಯಲ್ಲಿ ನೀಲಾ ಎಂದು ಕರೆಯುತ್ತಿದ್ದರು. ಸಂಜೆ ಹೊತ್ತು ಊರಿನ ಕ್ರೀಡಾ ಹಾಲ್‌ನಲ್ಲಿ ಟೇಬಲ್ ಟೆನಿಸ್ ಕಲಿಯುತ್ತಿದ್ದಳು. ಕಲಿಸುವವರು ಮುಲ್ಲಾ ಸರ್. ಹುಡುಗಿಯ ಕಾಲು ಚುರುಕು, ಕಣ್ಣು ಇನ್ನೂ ಚುರುಕು. ಈಕೆ ರಾಜ್ಯದ ತಂಡಕ್ಕೆ ಆಡುವಂಥವಳು ಎಂದು ಸರ್ ಹೇಳಿದ ದಿನ ರುದ್ರಮುನಿಗೆ ನೆಲ ಕಾಣಲಿಲ್ಲ. ಮಗಳಿಗಾಗಿ ತನ್ನ ಜನ್ಮದಲ್ಲೇ ಶ್ರೇಷ್ಠವಾದ ಬ್ಯಾಟು ಮಾಡುತ್ತೇನೆ ಎಂದು ಕೂತ.

ಆ ಬೇಸಿಗೆಯೆಲ್ಲ ಅದೇ ಕೆಲಸ. ಮೇಲಿನ ಪದರಕ್ಕೂ ಹಿಡಿಕೆಗೂ ಬೀಟೆ ಮರವೇ ಬೇಕೆಂದು ಹಟ ಹಿಡಿದು ಎಲ್ಲಿಂದಲೋ ತರಿಸಿದ. ಕಪ್ಪು ಕೆಂಪು ಗೆರೆಗಳ ಆ ಮರಕ್ಕೆ ಹೊಳಪು ಕೊಟ್ಟಾಗ ನೋಡಿದವರ ಕಣ್ಣು ಅಲ್ಲೇ ನಿಲ್ಲುತ್ತಿತ್ತು. ಬೀಟೆ ಮರ ಚೆಂದ, ಬೀಟೆ ಮರ ಭಾರ. ಚೆಂದವನ್ನು ಅವನು ಕಂಡ, ಭಾರವನ್ನು ಕಾಣಲಿಲ್ಲ. ಅವನ ಕೈಗೆ ಅದು ಹೂವಿನಷ್ಟು ಹಗುರವಾಗಿತ್ತು.

ಬ್ಯಾಟು ಕೈಗೆ ಬಂದ ದಿನ ನೀಲಾ ಅದನ್ನು ಎದೆಗವಚಿಕೊಂಡು ಓಣಿಯೆಲ್ಲ ತೋರಿಸಿ ಬಂದಳು. ಒಂದು ವಾರ ಆಡಿದಳು. ಆಮೇಲೊಂದು ಭಾನುವಾರ, ಅಪ್ಪ ಕಟ್ಟೆಯ ಮೇಲೆ ಗೆಳೆಯರ ಜೊತೆ ಚಹಾ ಕುಡಿಯುತ್ತ ಕೂತಾಗ, ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಅಪ್ಪಾ, ಹಿಡಿಕಿ ಸ್ವಲ್ಪ ದಪ್ಪ ಆಗೈತಿ ಅನಸ್ತೈತಿ. ಭಾರನೂ ಐತಿ."

ರುದ್ರಮುನಿ ಗೆಳೆಯರ ಮುಖ ನೋಡಿ ನಕ್ಕ. "ಕುಣಿಯಾಕ ಬರಲಾರದಾಕಿ ನೆಲ ಡೊಂಕು ಅಂದ್ಲಂತ! ದಿನಾ ಆಡು, ತಾನ ಹಗುರ ಆಗ್ತೈತಿ."

ಗೆಳೆಯರೂ ಗೊಳ್ಳೆಂದು ನಕ್ಕರು. ನೀಲಾ ಕೂಡ ನಕ್ಕಳು. ಎಲ್ಲರೂ ನಗುವಾಗ ಮಕ್ಕಳು ಇನ್ನೇನು ಮಾಡಬೇಕು? ನಕ್ಕು ಒಳಗೆ ಹೋದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಗಾದೆ ಒಳ್ಳೆಯದೇ, ನಮ್ಮ ಹಿರಿಯರು ಅನುಭವಿಸಿ ಹೇಳಿದ್ದು. ಆದರೆ ನೆಲ ನಿಜವಾಗಿ ಡೊಂಕಿದ್ದರೆ? ಕುಣಿಯುವವಳನ್ನು ಹಂಗಿಸುವ ಮೊದಲು ಬಗ್ಗಿ ಒಮ್ಮೆ ನೆಲ ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ನೀಲಾ ಅದೇ ಬ್ಯಾಟಿನಲ್ಲಿ ಆಡಿದಳು. ದಪ್ಪ ಹಿಡಿಕೆಯ ಸುತ್ತ ಬೆರಳು ಕೂಡುತ್ತಿರಲಿಲ್ಲ, ಹಾಗಾಗಿ ಬಲವಾಗಿ ಅಮುಕಿ ಹಿಡಿಯುತ್ತಿದ್ದಳು. ಮುಂದೆ ಭಾರ, ಹಿಂದೆ ಬಿಗಿತ, ನಡುವೆ ಸಿಕ್ಕಿಕೊಂಡದ್ದು ಆಕೆಯ ಮಣಿಕಟ್ಟು. ಮೊದಮೊದಲು ಸಂಜೆ ಮಾತ್ರ ನೋಯುತ್ತಿತ್ತು. ಆಮೇಲೆ ಶಾಲೆಯಲ್ಲಿ ಬರೆಯುವಾಗಲೂ ನೋಯತೊಡಗಿತು. ಮಗಳು ಮುಲಾಮು ಹಚ್ಚಿಕೊಳ್ಳುವುದನ್ನು ಸುಮಂಗಲಾ ಕಂಡು ಗಂಡನಿಗೆ ಹೇಳಿದಳು.

"ಹುಡುಗಿ ಕೈ ನೋಯ್ತೈತಿ ಅಂತಾಳ. ಒಂದೀಟು ನೋಡ್ರಿ."

"ಆಟ ಆಡಾವರಿಗೆ ಕೈ ನೋವು ಇದ್ದದ್ದ," ಎಂದ ರುದ್ರಮುನಿ. "ಅಷ್ಟಕ್ಕ ಹೆದರಿದ್ರ ರಾಜ್ಯಕ್ಕ ಹೆಂಗ ಆಡ್ತಾಳ?"

ಜಿಲ್ಲಾ ಪಂದ್ಯದಲ್ಲಿ ನೀಲಾ ಹಲ್ಲು ಕಚ್ಚಿ ಆಡಿ ಗೆದ್ದಳು. ಗೆದ್ದದ್ದರಿಂದ ಧಾರವಾಡದಲ್ಲಿ ನಡೆಯುವ ರಾಜ್ಯ ತಂಡದ ಆಯ್ಕೆಗೆ ಹೆಸರು ಹೋಯಿತು. ಜನ ಸುತ್ತ ನೆರೆದರು. ರುದ್ರಮುನಿ ಬ್ಯಾಟನ್ನು ಎತ್ತಿ ಹಿಡಿದು, ಇದು ಬೀಟೆ, ಇದು ನನ್ನ ಕೈಯ ಕೆಲಸ, ಎಂದು ಒಬ್ಬೊಬ್ಬರಿಗೂ ತೋರಿಸಿದ. ಎಲ್ಲರೂ ಬ್ಯಾಟು ನೋಡಿದರು. ಗೆದ್ದ ಹುಡುಗಿ ಹಾಲ್‌ನ ಹಿಂದೆ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದಳು. ಕಿಟಕಿಯಿಂದ ಅವನಿಗೆ ಕಾಣಿಸಿತು. ಮುಖ ತೊಳೆಯುತ್ತಿದ್ದಾಳೆ ಎಂದುಕೊಂಡ.

ಆಯ್ಕೆಗೆ ಇನ್ನು ಕೆಲವೇ ದಿನ ಉಳಿದಿದ್ದವು. ಒಂದು ಸಂಜೆ ಕಚೇರಿ ಬೇಗ ಬಿಟ್ಟಿತು. ಮಗಳ ಆಟ ನೋಡಿಕೊಂಡು ಜೊತೆಯಲ್ಲೇ ಕರೆದೊಯ್ಯೋಣ ಎಂದು ರುದ್ರಮುನಿ ಹಾಲ್‌ಗೆ ಹೋದ. ಒಳಗಿನಿಂದ ಚೆಂಡಿನ ಸದ್ದಿನ ಜೊತೆ ಮಗಳ ನಗು ಕೇಳಿಸಿತು. ಬಾಗಿಲ ಮರೆಯಲ್ಲಿ ನಿಂತು ನೋಡಿದ.

ನೀಲಾಳ ಕೈಯಲ್ಲಿ ಅವನ ಬ್ಯಾಟು ಇರಲಿಲ್ಲ. ಹೊಸದಾಗಿ ಕಲಿಯಲು ಬರುವ ಮಕ್ಕಳಿಗೆಂದು ಹಾಲ್‌ನಲ್ಲಿ ಇಟ್ಟಿದ್ದ ಹಳೆಯ ಬ್ಯಾಟೊಂದನ್ನು ಹಿಡಿದಿದ್ದಳು. ಅಂಚಿನಲ್ಲಿ ರಬ್ಬರು ಕಿತ್ತು ಬಂದಿತ್ತು. ಸಪೂರ ಹಿಡಿಕೆ, ಹಗುರ ಮೈ. ಅದರಲ್ಲಿ ಆಕೆ ಆಡುತ್ತಿದ್ದ ಪರಿಯನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಚೆಂಡು ಬಂದ ಕಡೆಗೆಲ್ಲ ಕೈ ತಾನಾಗಿ ಹರಿಯುತ್ತಿತ್ತು. ನೋವಿದ್ದರೂ ಮುಖದಲ್ಲಿ ನಗುವಿತ್ತು. "ಹಂಗ ಆಡಬೇಕ ನೋಡು, ಶಾಬ್ಬಾಸ್!" ಎಂದು ಮುಲ್ಲಾ ಸರ್ ಕೂಗಿದರು.

ಅಷ್ಟರಲ್ಲಿ ನೀಲಾ ಬಾಗಿಲ ಕಡೆ ತಿರುಗಿದಳು. ಅಪ್ಪನನ್ನು ಕಂಡಳು.

ನಗು ನಿಂತಿತು. ಕಳ್ಳತನ ಮಾಡಿ ಸಿಕ್ಕಿಬಿದ್ದವಳಂತೆ ಹಳೆಯ ಬ್ಯಾಟನ್ನು ಟೇಬಲ್ಲಿನ ಕೆಳಗೆ ಸರಿಸಿದಳು. ಚೀಲದಿಂದ ಬೀಟೆಯ ಬ್ಯಾಟು ತೆಗೆದು, "ಸರ್, ಹಾಕ್ರಿ ಸರ್," ಎಂದಳು. ಚೆಂಡು ಬಂತು. ಜೋರಾಗಿ ಬೀಸಿದಳು. ಬ್ಯಾಟು ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಮಣಿಕಟ್ಟು ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು.

ವೈದ್ಯರು ಕೈ ನೋಡಿ ಪಟ್ಟಿ ಕಟ್ಟಿದರು. ನರದ ಸುತ್ತಲಿನ ಭಾಗ ಬಹಳ ದಿನದಿಂದ ಬಾತಿದೆ, ಮೊದಲೇ ಆಟ ನಿಲ್ಲಿಸಿದ್ದರೆ ಬೇಗ ಮಾಯುತ್ತಿತ್ತು, ಈಗ ತಿಂಗಳುಗಟ್ಟಲೆ ಬ್ಯಾಟು ಹಿಡಿಯುವ ಹಾಗಿಲ್ಲ ಎಂದರು. ಧಾರವಾಡದ ಆಯ್ಕೆ ಅಲ್ಲಿಗೆ ಮುಗಿಯಿತು. ಆ ತಂಡಕ್ಕೆ ವಯಸ್ಸಿನ ಮಿತಿಯಿತ್ತು, ಮುಂದಿನ ವರ್ಷ ಆಕೆ ಅದನ್ನು ದಾಟಿಬಿಡುತ್ತಿದ್ದಳು.

ಹೊರಗೆ ಬೆಂಚಿನ ಮೇಲೆ ಕೂತು ರುದ್ರಮುನಿ ಕೇಳಿದ. "ಇಷ್ಟು ನೋವು ಇತ್ತಂದ್ರ ನನಗ ಯಾಕ ಹೇಳಲಿಲ್ಲವ್ವಾ?"

ನೀಲಾ ನೆಲ ನೋಡುತ್ತ ಅಂದಳು. "ಹೇಳಿದ್ನಲ್ಲಪ್ಪಾ."

"ಯಾವಾಗ?"

"ಅವತ್ತ. ನೀವೆಲ್ಲಾರೂ ನಕ್ಕ್ರಿ."

ರುದ್ರಮುನಿ ಮಗಳನ್ನು ಮನೆಗೆ ಬಿಟ್ಟು ಮುಲ್ಲಾ ಸರ್ ಬಳಿಗೆ ಹೋದ. "ಸರ್, ನೀವಾದ್ರೂ ಒಂದು ಮಾತು ನನಗ ಹೇಳಬೇಕಿತ್ತು," ಎಂದ.

"ತಪ್ಪು ನಂದೂ ಐತ್ರಿ," ಎಂದರು ಮುಲ್ಲಾ ಸರ್. "ಬ್ಯಾಟು ಬದಲಿ ಮಾಡು ಅಂತ ಆಕಿಗೆ ಎಷ್ಟೋ ಸರ್ತಿ ಹೇಳಿದೆ. ಅಪ್ಪಾ ಮಾಡ್ಯಾನ್ರಿ ಸರ್, ಬ್ಯಾಸರ ಮಾಡ್ಕೊಂತಾನ ಅಂದ್ಲು. ನಿಮಗ ಹೇಳಬ್ಯಾಡ್ರಿ ಅಂತ ಆಣಿ ಹಾಕಿದ್ಲು."

ರುದ್ರಮುನಿ ಮನೆಗೆ ಬಂದ. ಹಿತ್ತಲ ಬಾಗಿಲು ಹಾಕಿಕೊಂಡು ಅತ್ತ. ತನ್ನ ಪ್ರೀತಿಯನ್ನು ಮಗಳು ಕೈ ಸೋಲುವವರೆಗೆ ಹೊತ್ತಿದ್ದಳು, ತಾನು ಆಕೆಯ ಒಂದು ಮಾತನ್ನು ಹೊರಲಿಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತ. ತಾನು ಪ್ರೀತಿಸಿದ್ದು ಮಗಳನ್ನೋ, ಬೀಟೆಯ ಹೊಳಪನ್ನೋ ಎಂದು ತನ್ನನ್ನೇ ಕೇಳಿಕೊಂಡ. ಉತ್ತರ ಗೊತ್ತಿದ್ದರೂ ಒಪ್ಪಿಕೊಳ್ಳಲು ಹೊತ್ತು ಹಿಡಿಯಿತು.

ಆಯ್ಕೆಯ ದಿನ ಬೇರೊಬ್ಬ ಹುಡುಗಿ ಧಾರವಾಡಕ್ಕೆ ಹೋದಳು. ನೀಲಾ ಕೈಗೆ ಪಟ್ಟಿ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿ ಆಕೆಗೆ ಒಳ್ಳೆಯದಾಗಲಿ ಎಂದು ಹೇಳಿ ಬಂದಳು. ಮನೆಗೆ ಬಂದವಳು ಊಟ ಮಾಡಲಿಲ್ಲ.

ಹುಟ್ಟುಗುಣ ಸುಟ್ಟರೂ ಹೋಗದು. ಮರುದಿನವೇ ರುದ್ರಮುನಿ ಹೊಸ ಬ್ಯಾಟಿಗೆ ಕೂತ. ಈ ಸಲ ಹಗುರ ಮರ, ಸಪೂರ ಹಿಡಿಕೆ. ಪದರ ಅಂಟಿಸಿದ, ಒಣಗಿಸಿದ, ಕತ್ತರಿಸಿದ, ಹಿಡಿಕೆಗೆ ಚೌಕನೆಯ ತುಂಡು ಕೂಡಿಸಿದ. ದುಂಡಗೆ ಮಾಡಲು ಅರ ಕೈಗೆತ್ತಿಕೊಂಡವನು ತಟ್ಟನೆ ನಿಂತ. ಎಷ್ಟು ಸಪೂರ? ಯಾರ ಕೈಗೆ ಸಪೂರ? ಮತ್ತೆ ತಾನೇ ತೀರ್ಮಾನ ಮಾಡುತ್ತಿದ್ದೇನೆ ಎಂದು ಅರಿವಾಯಿತು. ಅರವನ್ನು ಕೆಳಗಿಟ್ಟ. ಬ್ಯಾಟನ್ನು ಹಾಗೇ ಬಟ್ಟೆಯಲ್ಲಿ ಸುತ್ತಿ ಇಟ್ಟ.

ತಿಂಗಳುಗಳು ಕಳೆದವು. ಪಟ್ಟಿ ಬಿಚ್ಚಿದರು. ಇನ್ನು ಆಡಬಹುದು ಎಂದು ವೈದ್ಯರು ಹೇಳಿದ ಮೇಲೆ ರುದ್ರಮುನಿ ಮಗಳನ್ನು ಕರೆದು, ಚೌಕ ಹಿಡಿಕೆಯ ಬ್ಯಾಟನ್ನೂ ಅರವನ್ನೂ ಮುಂದಿಟ್ಟ.

"ನಾ ಏನೂ ಹೇಳೂದಿಲ್ಲವ್ವಾ. ನಿನಗ ಹೆಂಗ ಬೇಕ ಹಂಗ ಉಜ್ಜಿಕೋ. ಬ್ಯಾಡ ಅನ್ನಿಸಿದ್ರ ಬಿಡು, ಅಂಗಡ್ಯಾಗಿಂದ ಹೊಸಾದು ತರೋಣಂತ."

ನೀಲಾ ಅಳುಕುತ್ತ ಉಜ್ಜಲು ಕೂತಳು. ಅರ ಹಿಡಿದು ಗೊತ್ತಿಲ್ಲ. ಒಂದು ಕಡೆ ಹೆಚ್ಚು ಹೋಯಿತು, ಒಂದು ಕಡೆ ಕಡಿಮೆ. ಹೆಬ್ಬೆರಳು ಕೂರುವಲ್ಲಿ ಒಂದು ತಗ್ಗು ಬಿತ್ತು. ಹಿಡಿಕೆ ನೋಡಲು ಅಂದಗೇಡಿ. ತಿದ್ದಬೇಕೆಂದು ರುದ್ರಮುನಿಯ ಕೈ ತುರಿಸುತ್ತಿತ್ತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತ.

ನೀಲಾ ಉಜ್ಜುವುದನ್ನು ನಿಲ್ಲಿಸಿ ಹಿಡಿದು ನೋಡಿದಳು. ಮತ್ತೊಮ್ಮೆ ಹಿಡಿದಳು. "ಇನ್ನೂ ಸ್ವಲ್ಪ ದಪ್ಪ ಐತಿ," ಎಂದಳು. ಎಂದವಳೇ ಗಾಬರಿಯಾಗಿ ಅಪ್ಪನ ಮುಖ ನೋಡಿದಳು. ಅಪ್ಪ ನಗುತ್ತಾನೇನೋ ಎಂದು ನೋಡಿದಳು.

ಆ ನೋಟ ರುದ್ರಮುನಿಯ ಎದೆಗೆ ನಾಟಿತು. ಮಣಿಕಟ್ಟು ವಾಸಿಯಾಗಿತ್ತು. ಈ ಹೆದರಿಕೆ ವಾಸಿಯಾಗಿರಲಿಲ್ಲ. ಅದಕ್ಕೆ ಯಾವ ವೈದ್ಯರ ಪಟ್ಟಿಯೂ ಇಲ್ಲ, ತಾನೇ ದಿನವೂ ಕೂತು ಕೇಳಿ ಕೇಳಿ ವಾಸಿ ಮಾಡಬೇಕು ಎಂದು ಅವನಿಗೆ ಆಗ ತಿಳಿಯಿತು.

ಅವನು ಮಗಳ ಪಕ್ಕಕ್ಕೆ ಸರಿದು ಬಗ್ಗಿದ. "ಹೌದಾ? ಎಲ್ಲಿ ದಪ್ಪ ಐತಿ, ತೋರಸವ್ವಾ," ಎಂದ.

ನೀಲಾ ಹಿಡಿಕೆಯನ್ನು ಅಪ್ಪನತ್ತ ತಿರುಗಿಸಿದಳು. ಆಮೇಲೆ ಬೆರಳಿಟ್ಟು ತೋರಿಸಿದಳು.

ನೀತಿ: ಪ್ರೀತಿಯಿಂದ ಕೊಟ್ಟೆವು ಎಂದ ಮಾತ್ರಕ್ಕೆ ಅದು ಪಡೆದವರಿಗೆ ಹಿತವಾಗಬೇಕೆಂದಿಲ್ಲ. ಕೊಡುವ ಮೊದಲು ಅವರನ್ನು ಕೇಳಬೇಕು. ನಮ್ಮನ್ನು ಪ್ರೀತಿಸುವವರು ತಮ್ಮ ಕಷ್ಟವನ್ನು ಒಂದೇ ಸಲ, ಅದೂ ಮೆಲ್ಲಗೆ ಹೇಳುತ್ತಾರೆ. ಆಗ ನಕ್ಕುಬಿಟ್ಟರೆ ಎರಡನೆಯ ಸಲ ಹೇಳುವುದಿಲ್ಲ.