ಗಡಿಗೆ ಬಳಿದುಂಡ ವ್ಯಾಪಾರಿ

“ಗುರುಗಳೇ, ಬೆಳಿಗ್ಗೆ ಈ ಬ್ಯಾಕ್ಟೀರಿಯಾದ ಒಂದು ಜೀನನ್ನು ಮದ್ದು ಹಾಕಿ ಸುಮ್ಮನಾಗಿಸಿದೆ. ಸಂಜೆಯಾಯಿತು, ಅವು ಬೆಳೆಯುತ್ತಲೇ ಇವೆ. ಇದು ಕೆಲಸಕ್ಕೆ ಬಾರದ ಜೀನ್ ಎಂದು ಕಿತ್ತೇಬಿಡಲೇ?” ಎಂದು ಶಿಷ್ಯೆ ಕೇಳಿದಳು.

ಅದು ನಿಧಾನವಾಗಿ ಬೆಳೆಯುವ ಜಾತಿ. ಮದ್ದಿನ ಹನಿ ಹಾಕಿದರೆ ಆ ಜೀನ್ ಸುಮ್ಮನಾಗುತ್ತಿತ್ತು, ಮದ್ದು ತೊಳೆದರೆ ಮತ್ತೆ ಕೆಲಸಕ್ಕಿಳಿಯುತ್ತಿತ್ತು. ಕಿತ್ತರೆ ಮಾತ್ರ ಮುಗಿಯಿತು. ಶಿಷ್ಯೆಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಗಳಿಗೆಗೊಮ್ಮೆ ಶೀಶೆ ಎತ್ತಿ ಬೆಳಕಿಗೆ ಹಿಡಿಯುತ್ತಿದ್ದಳು. ವರ್ಷಗಳ ದುಡಿಮೆ ಆ ಶೀಶೆಯಲ್ಲಿತ್ತು.

ಗುರುಗಳು ಹೇಳಿದರು:

ಒಬ್ಬ ವ್ಯಾಪಾರಿ ಇದ್ದ. ಮನೆ ತುಂಬ ಜನ. ಯಾರು ದುಡಿಯುತ್ತಾರೆ, ಯಾರು ಕೂತು ತಿನ್ನುತ್ತಾರೆ ಎಂಬ ಚಿಂತೆ ಅವನನ್ನು ಕೊರೆಯುತ್ತಿತ್ತು. ಕೂತರೂ ಸಮಾಧಾನವಿಲ್ಲ, ನಿಂತರೂ ಸಮಾಧಾನವಿಲ್ಲ. ಕೊನೆಗೆ ದಿನಕ್ಕೊಬ್ಬರು ಕೈಕಟ್ಟಿ ಕೂರಬೇಕೆಂದು ಅಪ್ಪಣೆ ಮಾಡಿದ. ಉಪಾಯವೇನೋ ಒಳ್ಳೆಯದೇ. ಅಡುಗೆಯವನು ಕೂತ ದಿನ ಮಕ್ಕಳು ಹಸಿದು ಅತ್ತರು. ನೀರು ಸೇದುವವಳು ಕೂತ ದಿನ ಹಂಡೆ ಬರಿದಾಯಿತು. ಇಬ್ಬರನ್ನೂ ಮರುದಿನವೇ ಎಬ್ಬಿಸಿದ.

ಆಮೇಲೆ ವಯಸ್ಸಾದ ಸೋದರತ್ತೆಯ ಸರದಿ. ಆ ಮನೆ ಬಿಟ್ಟರೆ ಅವಳಿಗೆ ಬೇರೆ ನೆಲೆಯಿರಲಿಲ್ಲ. ಸಂಜೆ ಹಾಲಿಗೆ ಹೆಪ್ಪು ಹಾಕುವುದೊಂದೇ ಅವಳ ಕೆಲಸ. ಮಧ್ಯಾಹ್ನ ಎಲೆಗೆ ಗಟ್ಟಿ ಮೊಸರು ಬಂತು. ಹಿಂದಿನ ಸಂಜೆ ಅವಳೇ ಹೆಪ್ಪು ಹಾಕಿಟ್ಟದ್ದು. ದಿನವೂ ಮುಂದಿನ ಹೆಪ್ಪಿಗೆಂದು ಒಂದು ಸೌಟು ಎತ್ತಿಡುತ್ತಿದ್ದವಳೂ ಅವಳೇ. ಅಂದು ಎತ್ತಿಡಲಿಲ್ಲ, ಕೂತಿರಬೇಕಲ್ಲ. ವ್ಯಾಪಾರಿ ಗಡಿಗೆ ಬಳಿದು ಉಂಡ. ಇವಳಿದ್ದರೂ ಅಷ್ಟೆ, ಇಲ್ಲದಿದ್ದರೂ ಅಷ್ಟೆ ಎಂದು ಕೈ ತೊಳೆಯುವ ಮೊದಲೇ ತೀರ್ಮಾನಿಸಿ, ಮನೆ ಬಿಡಲು ಹೇಳಿದ.

“ಕೂತಿರು ಅಂದೆ, ಕೂತೆ. ಹೋಗು ಅಂದ್ಮೇಲೆ ಮತ್ತೆ ಬಾ ಅನ್ನಬೇಡಪ್ಪ” ಎಂದಳು ಅತ್ತೆ.

ಸಂಜೆ ಹೆಂಡತಿ ಉಗುರುಬೆಚ್ಚಗಿನ ಹಾಲು ಮುಂದಿಟ್ಟುಕೊಂಡು ಹೆಪ್ಪು ಹುಡುಕಿದಳು. ಗಡಿಗೆಯಲ್ಲಿ ತೊಟ್ಟೂ ಇರಲಿಲ್ಲ. ವ್ಯಾಪಾರಿ ನೆರೆಮನೆಗಳ ಬಾಗಿಲು ತಟ್ಟಿದ. ದೀಪ ಹಚ್ಚಿದ ಮೇಲೆ ಮೊಸರು ಯಾರು ಕೊಡುತ್ತಾರೆ? ಹೊಳೆಯ ಕಡೆಗೆ ಓಡಿದ. ಅತ್ತೆಯನ್ನು ಆಚೆ ದಡಕ್ಕೆ ಬಿಟ್ಟ ದೋಣಿ ಖಾಲಿಯಾಗಿ ಮರಳುತ್ತಿತ್ತು.

ಶಿಷ್ಯೆಗೆ ಸಿಟ್ಟು ಬಂತು. “ಇನ್ನೊಂದು ಹೊತ್ತು ಕಾದಿದ್ದರೆ ಸಾಕಿತ್ತು. ಅಷ್ಟೂ ತಾಳ್ಮೆ ಇಲ್ಲವೇ ಅವನಿಗೆ?” ಎಂದಳು.

ಗುರುಗಳು ಅವಳ ಕೈಯಲ್ಲಿದ್ದ ಶೀಶೆಯನ್ನು ನೋಡಿದರು.

“ಇದರೊಳಗೂ ಈಗ ಮಧ್ಯಾಹ್ನದ ಊಟ ನಡೆದಿದೆ, ತಾಯಿ, ನಿನ್ನೆಯ ಮೊಸರಲ್ಲಿ.”