ಕೂಗದ ಸೈರನ್

ಹೊಳೆಯ ದಂಡೆಯ ಆಶ್ರಮದಲ್ಲಿ ಮರುಳಯ್ಯ ಎಂಬ ಗುರು ಶಿಷ್ಯರಿಗೆ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದನ್ನು ಕಲಿಸುತ್ತಿದ್ದರು. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅವರ ಹಿರಿಯ ಶಿಷ್ಯೆ ಕಾತ್ಯಾಯಿನಿ. ಕೆಲಸದಲ್ಲಿ ಚುರುಕು. ಸಿಟ್ಟು ಮೂಗಿನ ತುದಿಯಲ್ಲೇ.

ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆಗಿಳಿದವರನ್ನು ಎಚ್ಚರಿಸಲು ಆಶ್ರಮದವರು ಒಂದು ಪ್ರೋಗ್ರಾಮ್ ನಡೆಸುತ್ತಿದ್ದರು. ಮೇಲಿನ ಸೇತುವೆಗೆ ಕಟ್ಟಿದ ಮಾಪಕವನ್ನು ಅದು ಆಗಾಗ ನೀರೆಷ್ಟಿದೆ ಎಂದು ಕೇಳುತ್ತಿತ್ತು. ನೀರು ಏರಿದ್ದರೆ ದಂಡೆಯ ಸೈರನ್ ಕೂಗಿಸುತ್ತಿತ್ತು.

ಒಂದು ದಿನ ನೀರು ಏರಿತು. ಸೈರನ್ ಕೂಗಲಿಲ್ಲ.

ಮೀನು ಹಿಡಿಯುತ್ತಿದ್ದ ಅಂಬಿಗರ ದುರ್ಗವ್ವನ ತೆಪ್ಪ ಮಗುಚಿತು. ಬಂಡೆಗೆ ಬಡಿದು ಅವಳ ತೋಳು ಮುರಿಯಿತು. ದಂಡೆಯಲ್ಲಿದ್ದವರು ಹಗ್ಗ ಎಸೆದು ಎಳೆದುಕೊಂಡರು. ತೆಪ್ಪ ಹೋಯಿತು, ಬಲೆಯೂ ಹೋಯಿತು.

ಆಗ ಅಜ್ಜಾರು ಊರಲ್ಲಿರಲಿಲ್ಲ. ಕಾತ್ಯಾಯಿನಿ ಓಡಿ ಬಂದು ಕಂಪ್ಯೂಟರ್ ನೋಡಿದಳು. ಪ್ರೋಗ್ರಾಮ್ ನಿಂತಿರಲಿಲ್ಲ, ಆದರೆ ಏನನ್ನೂ ಮಾಡುತ್ತಿರಲಿಲ್ಲ. ಅದನ್ನು ಕೊಂದು, ಎಂದರೆ ಬಲವಂತವಾಗಿ ನಿಲ್ಲಿಸಿ, ಮತ್ತೆ ಶುರುಮಾಡಿದಳು. ಸೈರನ್ ಕೂಡಲೇ ಕೂಗಿತು.

ಸೈರನ್ನಿನ ಭಾಗ ಬರೆದವನು ಬಸಲಿಂಗ. ಈಚೆಗಷ್ಟೇ ಅದನ್ನು ತಿದ್ದಿದ್ದ. ಕಾತ್ಯಾಯಿನಿ ಎಲ್ಲರ ಮುಂದೆ ಅವನನ್ನು ಬಾಯಿಗೆ ಬಂದಂತೆ ಬೈದು, ಆಶ್ರಮ ಬಿಟ್ಟು ಹೊರಡು ಎಂದಳು. ತಾನು ಮಾಡಿದ ತಪ್ಪಾದರೂ ಏನು ಎಂದು ಅವನು ಕೇಳಿದ. ಅವಳು ಅವನ ಚೀಲವನ್ನು ಅಂಗಳಕ್ಕೆ ಎಸೆದಳು. ಅವನು ಅದನ್ನು ಎತ್ತಿಕೊಂಡು ಹೊರಟುಹೋದ.

ಅಜ್ಜಾರು ಮರಳಿದ ದಿನವೇ ದುರ್ಗವ್ವ ತೋಳಿಗೆ ಪಟ್ಟಿ ಕಟ್ಟಿಕೊಂಡು ಬಂದಳು. ಕೂರಲು ಹೇಳಿದರೂ ಕೂರಲಿಲ್ಲ.

"ಸೈರನ್ ಐತಿ ಅಂತ ನಂಬಿ ನೀರಿಗಿಳಿದೆ. ಅದಿಲ್ಲದಿದ್ರ ಹೊಳಿ ಮ್ಯಾಲೆ ನಾನ ಕಣ್ಣಿಟ್ಟಿರತಿದ್ದೆ," ಎಂದಳು.

ತಪ್ಪು ಮಾಡಿದವನನ್ನು ಆಗಲೇ ಓಡಿಸಿದ್ದೇನೆ ಎಂದಳು ಕಾತ್ಯಾಯಿನಿ.

ಅಷ್ಟರಲ್ಲಿ ಶಿಷ್ಯನೊಬ್ಬ ಬಂದು, ಪ್ರೋಗ್ರಾಮ್ ಮತ್ತೆ ಮಂಕಾಗಿ ಕೂತಿದೆ ಎಂದ. ಕಾತ್ಯಾಯಿನಿ ಹಲ್ಲು ಕಚ್ಚಿಕೊಂಡು ಒಳಗೆ ಹೋದಳು. ಅದನ್ನು ಕೊಲ್ಲಲು ಕೀಲಿಮಣೆಗೆ ಕೈ ಚಾಚಿದಳು.

ಹಿಂದೆಯೇ ಬಂದ ಅಜ್ಜಾರು ಅವಳ ಮುಂಗೈ ಹಿಡಿದರು. ನೋಯುವಷ್ಟು ಬಿಗಿಯಾಗಿ.

"ಕೊಂದ ಮ್ಯಾಲೆ ಯಾರನ್ನ ಕೇಳ್ತಿ?"

ಉಳಿದ ಶಿಷ್ಯರನ್ನೆಲ್ಲ ದಂಡೆಗೆ ಕಳಿಸಿದರು. ನೀರು ಏರಿದರೆ ಬಾಯಿಂದಲೇ ಕೂಗಿರಿ ಎಂದರು. ಆಮೇಲೆ ಕಪ್ಪು ಪರದೆಯಲ್ಲಿ, ಪ್ರೋಗ್ರಾಮಿನ ತಪ್ಪು ಹುಡುಕುವ ಡಿಬಗರ್ ತೆರೆದರು. ಅದರಲ್ಲಿ ಚಿತ್ರವಿಲ್ಲ, ಗುಂಡಿಗಳಿಲ್ಲ. ಟೈಪ್ ಮಾಡಿ ಕೇಳಬೇಕು, ಕೇಳಿದಷ್ಟಕ್ಕೇ ಅದು ಉತ್ತರ ಕೊಡುತ್ತದೆ. ಅದನ್ನು ನಡೆಯುತ್ತಿದ್ದ ಪ್ರೋಗ್ರಾಮಿಗೆ ಜೋಡಿಸಿದರು. ಪ್ರೋಗ್ರಾಮ್ ಸಾಯಲಿಲ್ಲ, ಇದ್ದಲ್ಲೇ ನಿಂತಿತು.

ಅಜ್ಜಾರು ಕುರ್ಚಿ ಬಿಟ್ಟುಕೊಟ್ಟರು.

"ಕೇಳು."

"ಏನಂತ ಕೇಳಲಿ?"

"ಎಲ್ಲಿದ್ದಿ ಅಂತ."

ಅವಳು ಕೇಳಿದಳು. ಪ್ರೋಗ್ರಾಮಿನ ಯಾವ ಭಾಗ ಯಾವುದನ್ನು ಕರೆಯಿತು ಎಂಬುದು ಸಾಲಾಗಿ ಪರದೆಗೆ ಬಂತು. ಪ್ರೋಗ್ರಾಮ್ ಮಾಪಕದ ಉತ್ತರಕ್ಕಾಗಿ ಕಾಯುತ್ತಿತ್ತು. ಬಸಲಿಂಗ ಬರೆದ ಭಾಗದ ಹೆಸರು ಆ ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಅಲ್ಲಿಯವರೆಗೆ ಪ್ರೋಗ್ರಾಮ್ ತಲುಪಿಯೇ ಇರಲಿಲ್ಲ.

"ನೀರೆಷ್ಟೈತಿ ಅಂತ ತಿಳಕೊಂಡೈತಿ, ಕೇಳು."

ಅದಕ್ಕೆ ಗೊತ್ತಿದ್ದುದು ನಸುಕಿನ ನೀರಿನ ಮಟ್ಟ. ಈಗ ಹೊತ್ತು ನೆತ್ತಿಗೆ ಬಂದಿತ್ತು.

"ಎಷ್ಟು ಹೊತ್ತು ಕಾಯ್ತದಂತ?"

ಅವಳು ಟೈಪ್ ಮಾಡಿದಳು. ಪರದೆಯ ಮೇಲೆ ಸೊನ್ನೆ ಬಂತು. ಸೊನ್ನೆ ಎಂದರೆ ಮಿತಿಯಿಲ್ಲ, ಉತ್ತರ ಬರುವ ತನಕ ಕಾಯುತ್ತಲೇ ಇರಬೇಕು.

ಆ ಸೊನ್ನೆ ಬರೆದವಳು ಕಾತ್ಯಾಯಿನಿಯೇ. ಮಾಪಕ ಮೊದಲಿದ್ದ ಮಿತಿಯೊಳಗೆ ಉತ್ತರ ಕೊಡದಿದ್ದಾಗಲೆಲ್ಲ ಪ್ರೋಗ್ರಾಮ್ ಪರದೆಯ ಮೇಲೆ ದೂರು ಹೇಳುತ್ತಿತ್ತು. ಒಂದು ಮಧ್ಯಾಹ್ನ ಅದರ ಕಾಟಕ್ಕೆ ರೇಗಿ, ಅದು ಇನ್ನು ಬಾಯಿ ಬಿಡಬಾರದು ಎಂದು ಹಾಗೆ ಬರೆದಿದ್ದಳು.

ಅವಳು ಕುರ್ಚಿಯಿಂದ ಎದ್ದಳು. ನನ್ನನ್ನೂ ಓಡಿಸಿಬಿಡಿ ಎಂದಳು.

ಮೊದಲು ತಿದ್ದು ಎಂದರು ಅಜ್ಜಾರು.

ಕಾಯುವುದಕ್ಕೆ ಮಿತಿ ಹಾಕಿದಳು. ಮಾಪಕ ಮಾತಾಡದಿದ್ದರೂ ಸೈರನ್ ಕೂಗುವಂತೆ ಬರೆದಳು. ಸೇತುವೆಗೆ ಹೋಗಿ ಮಾಪಕದ ತಂತಿ ಕಿತ್ತು ನೋಡಿದಳು. ಸೈರನ್ ಕೂಗಿತು. ತಂತಿ ಮತ್ತೆ ಸಿಕ್ಕಿಸಿ ಬಂದು, ಇನ್ನೂ ಆಶ್ರಮದಲ್ಲೇ ಇದ್ದ ದುರ್ಗವ್ವನ ಮುಂದೆ ನಿಂತು, ತಪ್ಪು ನನ್ನದು ಎಂದಳು.

"ನಿಂದು ಅಂದ್ರ ನನ್ನ ತೋಳು ಕೂಡತದೇನು?" ಎಂದಳು ದುರ್ಗವ್ವ. ಮೆಟ್ಟಿಲಿಳಿದು ಹೋದಳು.

ಕಾತ್ಯಾಯಿನಿ ಬಸಲಿಂಗನ ಊರಿಗೆ ನಡೆದಳು. ಅವನು ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡ. ಒಳಗೆ ಬಾ ಎನ್ನಲಿಲ್ಲ. ಆಶ್ರಮಕ್ಕೆ ಬರುತ್ತೇನೆ ಎಂದೂ ಹೇಳಲಿಲ್ಲ. ಅವಳು ತಿರುಗುವ ಮೊದಲೇ ಬಾಗಿಲು ಹಾಕಿಕೊಂಡ.

ಸಂಜೆ ಅವಳು ಮರಳಿದಾಗ ಅಜ್ಜಾರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು.  ಇವಳತ್ತ ಮುಖ ತಿರುಗಿಸಲಿಲ್ಲ.

"ದುರ್ಗವ್ವ, ಬಸಲಿಂಗ ಇಬ್ಬರೂ ಸಿಟ್ಟಾದರು, ಅಜ್ಜಾರ. ನಿಮಗ ಸಿಟ್ಟು ಬರಲಿಲ್ಲೇನ್ರಿ?"

"ಬಂದೈತಿ," ಎಂದರು ಅಜ್ಜಾರು. "ನಾಳಿಯಿಂದ ದುರ್ಗವ್ವನ ತೋಳು ಮುರಿದ ಆ ಬಂಡೆಗಲ್ಲಿನ ಹತ್ರ ಜಳಕಾ ಮಾಡು. ಸೈರನ್ ನಂಬಿ, ನೀರು ಬರೋ ಕಡೆ ಬೆನ್ನು ಮಾಡಿ."